ಎತ್ತದ ವೀಳ್ಯ

ಆಷಾಢದ ಅಮಾವಾಸ್ಯೆಯ ಮಧ್ಯಾಹ್ನ ಹಿಡಿದ ಮಳೆ ಸಾಯಂಕಾಲವಾದರೂ ಬಿಡುವ ಹಾಗೆ ಕಾಣಲಿಲ್ಲ. ಐದೂವರೆಗೆ ಕರೆಂಟೂ ಹೋಯಿತು. ಹೊಲಗಳಾಚೆ ತಾಂಡ್ಯದ ಕಾರ್ಖಾನೆಗಳಲ್ಲಿ ಮಾತ್ರ ದೀಪ ಉರಿಯುತ್ತಲೇ ಇತ್ತು. ಅವುಗಳ ಲೈನು ಬೇರೆ, ಬಸರಿಹುಂಡಿಯ ಲೈನು ಬೇರೆ. ನಂಜನಗೂಡು ಸೀಮೆಯ ಎಷ್ಟೋ ಹುಂಡಿಗಳ ಹಾಗೆ ಇದೂ ಮೂವತ್ತು ನಲವತ್ತು ಮನೆಗಳ ಸಣ್ಣ ಊರು, ಯಾವುದೋ ಕಾಲದಲ್ಲಿ ದೂರದ ದೊಡ್ಡ ಊರೊಂದರಿಂದ ಗಂಟುಮೂಟೆ ಹೊತ್ತು ಬಂದವರು ಕಟ್ಟಿಕೊಂಡದ್ದು. ಊರ ಬಾಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ. ಕಲ್ಲಿನ ಪಕ್ಕದ ಮೊದಲ ಮನೆಯೇ ರಾಚಮ್ಮನದು.

ಆ ಮನೆಯ ನಡುಮನೆಯಲ್ಲಿ ರಾಚಮ್ಮನ ಮೊಮ್ಮಗಳು ಮಧುಶ್ರೀ ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟುಕೊಂಡು ಸಮಾಜದ ನೋಟ್‌ಬುಕ್ ಬಿಡಿಸಿ ಕೂತಿದ್ದಳು. ಇಸವಿ ಎರಡು ಸಾವಿರದ ಏಳು, ಅವಳಿಗೆ ಹತ್ತನೇ ಕ್ಲಾಸು. ಯಾವ ವಿಷಯವನ್ನೂ ಯಾಕೆ ಎಂದು ಕೇಳದೆ ಬಿಡುವ ಹುಡುಗಿಯಲ್ಲ. ಅವಳ ಮೇಷ್ಟ್ರಿಗೆ ಅವಳೆಂದರೆ ಅರ್ಧ ಪ್ರೀತಿ, ಅರ್ಧ ತಲೆನೋವು. ಆವತ್ತಂತೂ ಅವಳ ತಲೆಯೊಳಗೆ ಎರಡು 'ಯಾಕೆ'ಗಳು ಸಿಕ್ಕಿಕೊಂಡು ಒದ್ದಾಡುತ್ತಿದ್ದವು.

ಮೊದಲನೆಯದು ಕಸ ಗುಡಿಸುವಾಗ ಸಿಕ್ಕದ್ದು. ಹೋದ ಎರಡು ತಿಂಗಳೂ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಆ ಕಲ್ಲಿನ ಮೇಲೆ ಒಂದು ಪುಟ್ಟ ಕಟ್ಟು ಇರುತ್ತಿತ್ತು. ಐದು ವೀಳ್ಯದೆಲೆ, ಎರಡು ಅಡಿಕೆ, ಮೇಲೊಂದು ಅರಿಶಿನದ ದಾರ. ಅಜ್ಜಿಯನ್ನು ಕೇಳಿದರೆ "ಯಾರೋ ಎಸ್ದವ್ರೆ, ಬುಡು" ಎಂದು ಮುಖ ತಿರುಗಿಸಿದ್ದಳು. ಎರಡು ಸಲವೂ ಮಧುಶ್ರೀ ಅದನ್ನು ತಿಪ್ಪೆಗೆ ಗುಡಿಸಿದ್ದಳು.

ಎರಡನೆಯದು ಆವತ್ತೇ ಸ್ಕೂಲಿನಲ್ಲಿ ಆದದ್ದು. ತಾಂಡ್ಯದ ಹತ್ತಿರದ ಹೊಸ ಸೈಟುಗಳಿಂದ ಬರುವ ಅವಳ ಗೆಳತಿ ಮಾದೇವಿ ಊಟದ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ, "ನಮ್ಮಕ್ಕನ ಮದ್ವೆಗೆ ನಿಮ್ಮನೆಯೋರು ಯಾವಾಗ ಊಂ ಅಂತಾರೆ? ನಿಮ್ಮ ಕೋಲಿನ ತಾತನ್ನ ಕೇಳಿ ಕೇಳಿ ನಮ್ಮಪ್ಪಂಗೆ ಸಾಕಾಗದೆ" ಎಂದಿದ್ದಳು. ಮಧುಶ್ರೀಗೆ ಏನೂ ಅರ್ಥವಾಗಲಿಲ್ಲ. ಅವಳ ತಾತ ಹುಚ್ಚಯ್ಯ ಸಂಕ್ರಾಂತಿ ಕಳೆದ ಮೇಲೆ ಲಕ್ವ ಹೊಡೆದು ಮಂಚ ಹಿಡಿದವನು, ಈಚೆ ಬಾಗಿಲಿಗೂ ಬಂದಿರಲಿಲ್ಲ. ಈಗಲೂ ಅದೇ ನಡುಮನೆಯ ಮೂಲೆಯಲ್ಲಿ, ಅಂಬೇಡ್ಕರ್ ಫೋಟೋದ ಕೆಳಗಿನ ಮಂಚದಲ್ಲಿ, ಕಣ್ಣು ಬಿಟ್ಟುಕೊಂಡು ಮಲಗಿದ್ದ.

ಮಧುಶ್ರೀ ಎಂದಿನ ಚಾಳಿಯಂತೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಳು. "ವಸಾಹತುಗಾರರು ದೂರದ ಸರ್ಕಾರದ ವಿರುದ್ಧ ದಂಗೆ ಏಳಲು ಕಾರಣಗಳೇನು?"

ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ರಾಚಮ್ಮ ಮೊರದಿಂದ ತಲೆ ಎತ್ತಿದಳು. ಎಪ್ಪತ್ತರ ಹತ್ತಿರದ ಜೀವ, ಬಾಯಲ್ಲಿ ಸದಾ ಎಲೆಯಡಿಕೆ. "ಅಂಗಂದ್ರೇನೆ?"

"ಒಂದು ದೇಶದೋರು ಕಡಲಾಚೆ ಹೋಗಿ ಬೇರೆ ಕಡೆ ಊರು ಕಟ್ಕೊಂಡ್ರಂತೆ ಅಜ್ಜಿ. ರಾಜ ಮಾತ್ರ ಹಳೇ ದೇಶದಲ್ಲೇ ಕೂತ್ಕೊಂಡು ಇವರಿಗೆ ಅಪ್ಪಣೆ ಮಾಡ್ತಿದ್ನಂತೆ. ಅವನ ಸಭೇಲಿ ಇವರ ಕಡೆಯೋರು ಒಬ್ರೂ ಇರ್ಲಿಲ್ಲ. ಅದಕ್ಕೇ ತಿರುಗಿಬಿದ್ರು."

"ಎಷ್ಟು ದೂರ ಆ ಕಡಲಾಚೆ?"

"ಹಡಗಲ್ಲಿ ಎರಡು ತಿಂಗಳಂತೆ."

"ಅಷ್ಟೇಯಾ? ಎಲ್ಡು ದಿನದ ದಾರಿಗೇ ನಮ್ಮ ಅಪ್ಪಣೆ ಬರೋಕೆ ಒಂದು ತಿಂಗ್ಳು ಆಯ್ತಿತ್ತು." ರಾಚಮ್ಮ ಮೊರ ಪಕ್ಕಕ್ಕಿಟ್ಟಳು. "ಪುಸ್ತಕ ಮಡಚು ಮಗಾ. ಇವತ್ತು ಅಮಾಸೆ ಬ್ಯಾರೆ. ಇದನ್ನ ಯೋಳ್ನೇಬೇಕು ಅಂತ ಎಲ್ಡು ತಿಂಗ್ಳಿಂದ ಅಂದ್ಕತಾನೇ ಇವ್ನಿ."

ಅಡಿಗೆಮನೆಯಿಂದ ಮಧುಶ್ರೀಯ ಅಮ್ಮ, ರಾಚಮ್ಮನ ಮಗಳು ಇಂದ್ರಾಣಿ ಇಣುಕಿ ನೋಡಿದಳು. "ಅವ್ವಾ, ಆ ಕತೆ ಬ್ಯಾಡ."

"ನಿನ್ನದೇ ಮದ್ವೆ ಕತೆ, ನಿನ್ನ ಮಗ್ಳು ಕೇಳ್ಬಾರ್ದಾ? ಬಾ, ನೀನೂ ಕೂತ್ಕ." ಇಂದ್ರಾಣಿ ಬರಲಿಲ್ಲ, ಆದರೆ ಸೌಟಿನ ಸದ್ದು ನಿಂತಿತು. ಮಳೆ ಹೆಂಚಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು. ರಾಚಮ್ಮ ಬಾಯಿ ಬರಿದು ಮಾಡಿಕೊಂಡು ಬಂದು, ಗೋಡೆಗೆ ಒರಗಿ, ಕಾಲು ಚಾಚಿಕೊಂಡು ಶುರುಮಾಡಿದಳು.

"ನಮ್ಮ ಮೂಲ ಈ ಊರಲ್ಲ ಕಣವ್ವಾ. ಮಣಲೂರು ಅಂತ... ನರಸೀಪುರದಾಚ್ಗೆ, ಹೆಮ್ಮಿಗೆ ದಾಟಿ ವಸಿ ದೂರ ನಡೀಬೇಕು, ಒಳೆ ಅಂಚಲ್ಲೇ ಅದೆ. ನಿಮ್ತಾತನ ತಾತನ ಕಾಲ್ದಲ್ಲಿ ಒಳೆ ಉಕ್ಕಿ ಗುಡ್ಲೆಲ್ಲಾ ಕೊಚ್ಕಂಡೋಗಿ, ಅನ್ನೆರಡು ಮನೆಯೋರು ಮಕ್ಳುಮರೀನ ಕಟ್ಕಂಡು ಇಲ್ಲಿಗೆ ಬಂದು ಬಸರಿಮರದ ಬುಡ್ದಲ್ಲಿ ಗುಡ್ಲು ಆಕಂಡ್ರಂತೆ. ಒಂಟಾಗ ಆ ಊರ ನಮ್ಮ ಜನದ ಯಜಮಾನ ಒಂದು ಮಾತು ಇಸ್ಕಂಡ. 'ಎಲ್ಲಿಗಾರ ಓಗಿ, ಆದ್ರೆ ನೀವು ನಮ್ಮ ಕೈ ಕೆಳಗ್ನೋರೇ. ಮದ್ವೆ ಅಂತ ಬಂದ್ರೆ ಮೊದ್ಲು ನಮ್ಗೆ ವೀಳ್ಯ ಬರ್ಬೇಕು. ನಾನು ವೀಳ್ಯ ಎತ್ತಿದ್ರೆ ಮದ್ವೆ, ಎತ್ನಿಲ್ಲ ಅಂದ್ರೆ ಇಲ್ಲ.' ಆವತ್ತು ಎಲ್ರೂ ಊಂ ಅಂದ್ರು. ನೀರಲ್ಲಿ ನೆಂದು ನಿಂತಿರೋರು ಇನ್ನೇನ್ ಅಂದಾರು?

"ಅವನ ಮಾತು ಒತ್ಕಂಡು ಬರೋಕೆ ಒಬ್ಬ ಕೋಲುಕಾರ ಇದ್ದ. ನನ್ನ ಕಾಲ್ದಲ್ಲಿ ಚಿಕ್ಕಮಾದು ಅನ್ನೋನು. ಆಳುದ್ದದ ಬಿದಿರು ಕೋಲು ಅವನ ಕೈಲಿ. ಆ ಕೋಲು ಗಾಡಿ ಅತ್ತಂಗಿಲ್ಲ, ಬಸ್ಸು ಅತ್ತಂಗಿಲ್ಲ, ನೆಲ ಮುಟ್ಕಂಡೇ ಬರ್ಬೇಕು! ಕೆಂಪು ಬಸ್ಸು ಅವನ ಪಕ್ಕದಲ್ಲೇ ಧೂಳೆಬ್ಬಿಸ್ಕಂಡು ಓದ್ರೂ ಎಲ್ಡು ದಿನ ನಡ್ಕಂಡು ಬರೋನು. ಅಮಾಸೆ ದಿನ ದೀಪ ಅಚ್ಚೋ ಒತ್ಗೆ ಸರ್ಯಾಗಿ ನಮ್ಮನೆ ಪಕ್ಕದ ಆ ಕಲ್ತಾವ ನಿಂತು ಮೂರ್ಕಿತ ಕುಟ್ಟೋನು... ಟಕ್... ಟಕ್... ಟಕ್. ಕಲ್ಲು ದಾಟಿ ಒಳಿಕೆ ಬರೋನಲ್ಲ. ನಮ್ಮೂರ ನೀರು ಕುಡಿಯೋನಲ್ಲ, ಅಪ್ಪಣೆ ತರೋನು ಅಪ್ಪಣೆ ಕೇಳೋರ ಮನೆ ನೀರು ಕುಡಿದ್ರೆ ನಾಲ್ಗೆ ತಿರುಗ್ಬುಡ್ತದಂತೆ. ನಿಮ್ತಾತ ಈ ಉಂಡಿಗೆ ಇರಿಯ ಅಂತ, ನಾನು ಅರಿಶಿನದ ದಾರ ಸುತ್ತಿ ಕಟ್ಕೊಟ್ಟ ವೀಳ್ಯ ತಕಂಡೋಗಿ ಕಲ್ಲ ಮ್ಯಾಲಿಟ್ಟು, ತಲೆ ಬಗ್ಗಿಸ್ಕಂಡು ಇಂದಿಂದ್ಕೆ ಬರೋರು. ಕೋಲುಕಾರನ ಮೊಕ ನೋಡಂಗಿಲ್ಲ, ಅದೂ ಒಂದು ಕಟ್ಟಳೆ. ಮುಂದ್ಲ ಅಮಾಸೆಗೆ ಅವನು ಬಂದು 'ಅಪ್ಪಣೆ ಆಯ್ತು' ಅನ್ನೋನು. ಆಮ್ಯಾಕೆ ನಾವು ಚಪ್ಪರ ಆಕೋದು. ಇಂಗೇ ನಡೀತಿತ್ತು. ಯಾರೂ ಯಾಕೆ ಅನ್ನಿಲ್ಲ. ನೀನು ಆವಾಗ ಉಟ್ಟಿರ್ನಿಲ್ವಲ್ಲ!"

ಮಧುಶ್ರೀ ನಕ್ಕಳು. ರಾಚಮ್ಮ ನಗಲಿಲ್ಲ.

"ನಿಮ್ಮವ್ವನ ಮದ್ವೆಗೆ ಎಲ್ಡು ವರ್ಸ ಮುಂಚೆ ಇರ್ಬೇಕು, ಒಂದು ಅಮಾಸೇಲಿ ಕೋಲುಕಾರ ಬಂದು 'ಅಪ್ಪಣೆ ಇನ್ನೂ ಆಗಿಲ್ಲ' ಅಂದ. ಆಗ್ಲಿ, ಯಜಮಾನ್ರು ಏನೋ ಯೋಚ್ನೇಲಿ ಅವ್ರೆ ಅಂದ್ಕಂಡೊ. ಮತ್ತೆ ವೀಳ್ಯ ಇಟ್ಟೊ, ಮುಂದ್ಲ ಅಮಾಸೆಗೂ ಅದೇ. ಅದ್ರ ಮುಂದ್ಲದಕ್ಕೂ ಅದೇ... ಎಲ್ಡು ವರ್ಸ ಮಗಾ, ಈ ಉಂಡೀಲಿ ವಾಲಗದ ಸದ್ದು ಕೇಳ್ನಿಲ್ಲ. ಏಳು ಎಣ್ಮಕ್ಳು ಕಾಯ್ತಾ ಕೂತಿದ್ರು. ಬ್ಯಾಡ ಅಂದ್ಬುಟ್ಟಿದ್ರೆ ಅಳ್ಬೋದಿತ್ತು, ಬಯ್ಬೋದಿತ್ತು. ಇನ್ನೂ ಆಗಿಲ್ಲ ಅಂದ್ರೆ ಏನ್ ಮಾಡೀಯೆ? ಕಾಯೋದು. ಕಾಯೋದು ಅಭ್ಯಾಸ ಆಗ್ಬುಡ್ತದೆ ಕಣವ್ವಾ, ಅದೇ ದೊಡ್ಡ ರೋಗ.

"ಅಷ್ಟೊತ್ಗೆ ಸುತ್ತೂರು ಕಡೆಯಿಂದ ನಿಮ್ಮಪ್ಪ ಗುರುವಿನ ಸಂಬಂಧ ಬಂದಿತ್ತು. ಇಲ್ಲೇ ತಾಂಡ್ಯದ ಫ್ಯಾಕ್ಟ್ರೀಲಿ ಕೆಲ್ಸ, ಮನೆ ಅಳಿಯನಾಗಿ ಇಲ್ಲೇ ಇರೋಕೂ ಒಪ್ಪಿದ್ದ, ಒಳ್ಳೆ ಉಡ್ಗ, ಇವ್ಳಿಗೂ ಮನ್ಸಾಗಿತ್ತು. ನಾಕು ಅಮಾಸೆ ಕಾದು ಅವರ ತಾಯಿ ಯೋಳ್ಕಳುಸುದ್ರು, ಶ್ರಾವಣ್ದೊಳಗೆ ಒಂದು ಮಾತು ಯೋಳ್ನಿಲ್ಲ ಅಂದ್ರೆ ಬ್ಯಾರೆ ಕಡೆ ನೋಡ್ತೀವಿ ಅಂತ. ಇವ್ಳು ಅನ್ನ ನೀರು ಬುಟ್ಟು ಮೂಲೆ ಇಡುದ್ಲು."

"ನಾನೇನೂ ಅನ್ನ ಬಿಟ್ಟಿರ್ನಿಲ್ಲ" ಎಂದಳು ಅಡಿಗೆಮನೆಯಿಂದ ಇಂದ್ರಾಣಿ.

"ಸುಮ್ಕಿರು, ತಟ್ಟೆ ತೊಳೀತಿದ್ದೋಳು ನಾನು! ನಿಜ ಯೋಳ್ಬೇಕು ಅಂದ್ರೆ ಮಗಾ, ನಂಗೆ ಸಿಟ್ಟು ಬಂದಿದ್ದು ಆಮ್ಯಾಕೆ. ಮೊದ್ಲು ಬಂದಿದ್ದು ಒಂದು ಕೆಟ್ಟ ಕುತೂಹ್ಲ. ಅಲ್ಲ, ಆ ಯಜಮಾನ ಅನ್ನೋನು ಎಲ್ಡು ವರ್ಸ ಕೂತ್ಕಂಡು ಏನ್ ಯೋಚ್ನೆ ಮಾಡ್ತಾನೆ? ಅವನ ಜಗ್ಲಿ ಮ್ಯಾಲೆ ನಮ್ಮೋರು ಒಬ್ಬರಾರ ಯಾವತ್ತಾರ ಕೂತವ್ರಾ? ಕೂರೋದಿರ್ಲಿ, ಆ ಜಗ್ಲಿ ಎಂಗದೆ ಅಂತ ನೋಡ್ದೋರಾರ ಅವ್ರಾ? ಕರೀದೆ ಓಗಂಗಿಲ್ಲ ಅಂತ ಕಟ್ಟಳೆ. ನಾನು ಸಂತೆಗೆ ಓಯ್ತೀನಿ ಅಂತ ನಿಮ್ತಾತಂಗೆ ಸುಳ್ಳೇಳಿ ನಂಜನಗೂಡಲ್ಲಿ ಬಸ್ಸು ಅತ್ತಿದೆ."

ಮಂಚದ ಮೇಲಿನ ಹುಚ್ಚಯ್ಯ ಗಂಟಲಲ್ಲೇ ಏನೋ ಅಂದ. "ಊಂ, ಗೊತ್ತಿತ್ತು ಅಂತಾರೆ ಈಗ" ಎಂದು ರಾಚಮ್ಮ ಅವನ ಹೊದಿಕೆ ಸರಿಮಾಡಿ ಮತ್ತೆ ಕೂತಳು.

"ನರಸೀಪುರ್ದಲ್ಲಿ ಇಳ್ದು, ಇನ್ನೊಂದು ಬಸ್ಸು ಇಡ್ದು, ಹೆಮ್ಮಿಗೇಲಿ ಇಳ್ದು ನಡ್ಕಂಡೋದೆ. ಮಧ್ಯಾನ ಮೂರು ಗಂಟೆ ಆಗಿರ್ಬೇಕು. ಯಜಮಾನ್ರ ಮನೆ ಎಲ್ಲಿ ಅಂದ್ರೆ ಒಬ್ಳು ಎಳೇ ಎಂಗ್ಸು ಕೈ ತೋರುಸುದ್ಲು... ನೋಡ್ತೀನಿ, ಬೀಗ ಆಕ್ದ ಮನೆ. ಜಗ್ಲಿ ಮ್ಯಾಲೆ ಎಲ್ಡು ಮೇಕೆ ಕಟ್ಟವ್ರೆ, ಒಂದು ಮೂಲೇಲಿ ಸೌದೆ ಒಟ್ಟವ್ರೆ. ಯಜಮಾನ ಸತ್ತು ಎಲ್ಡು ವರ್ಸ ಆಯ್ತಂತೆ! ಮಕ್ಳು ಮೈಸೂರು ಸೇರ್ಕಂಡವ್ರಂತೆ. ಅವನ ಜಾಗಕ್ಕೆ ಯಾರೂ ಕೂರ್ನಿಲ್ಲ, ಅವರಿಗೆ ಯಜಮಾನಿಕೇನೇ ಬ್ಯಾಡಾಗಿತ್ತು. 'ನಾವು ಬಸರಿಹುಂಡಿಯೋರು ಕಣವ್ವಾ, ನಿಮ್ಮ ಅಪ್ಪಣೆಗೆ ಕಾಯ್ತಾ ಇವ್ನಿ' ಅಂದೆ. ಆ ಎಂಗ್ಸು ನನ್ನ ಮೊಕ ನೋಡಿ ಏನಂದ್ಲು ಗೊತ್ತಾ... 'ಬಸರಿಹುಂಡಿ? ಅದೆಲ್ಲದೆ?'

"ಆಗ ಬಂತು ನೋಡು ಸಿಟ್ಟು. ಬಯ್ದಿದ್ರೂ ಅಷ್ಟು ಸಂಕಟ ಆಯ್ತಿರ್ನಿಲ್ಲ. ನಾವು ಅವರಿಗೆ ಎದ್ರುಕಂಡು ನಮ್ಮ ಮಕ್ಳ ಬಾಳು ತಡೆದಿದ್ರೆ, ಅವರಿಗೆ ನಾವು ಇದ್ದೀವಿ ಅನ್ನೋದೇ ಗೊತ್ತಿಲ್ಲ! ಸರಿ, ಅಂಗಾದ್ರೆ ತಿಂಗ್ಳು ತಿಂಗ್ಳು ಬಂದು ನಮ್ಮ ಕಲ್ಲು ಕುಟ್ಟೋನು ಯಾರ ಮಾತು ತತ್ತಾನೆ? ಚಿಕ್ಕಮಾದು ಎಲ್ಲಿ ಅಂತ ಕೇಳ್ದೆ. ಅವ್ಳು ನನ್ನ ಅವನ ಎಂಡ್ತಿ ಚನ್ನಾಜಮ್ಮನ ತಾವ ಬುಟ್ಲು. ಆ ಮುದ್ಕಿ ಒಂದು ಮಾತೂ ಆಡ್ದಂಗೆ ಮುಂದೆ ಮುಂದೆ ನಡುದ್ಲು... ಊರಾಚೆ... ಒಳೆ ಕಡೀಕೆ... ಸಮಾಧಿಗಳ ಜಾಗಕ್ಕೆ."

ಗಾಳಿಗೆ ಬುಡ್ಡಿಯ ದೀಪ ಹೊಯ್ದಾಡಿತು. ಮಧುಶ್ರೀ ಅದಕ್ಕೆ ಅಂಗೈ ಅಡ್ಡ ಹಿಡಿದಳು.

"ಚಿಕ್ಕಮಾದು ಗುಂಡಿ ಸೇರಿ ಎಲ್ಡು ವರ್ಸ ಆಗಿತ್ತು ಮಗಾ. ಯಜಮಾನ ಸತ್ತಾಗ ಇವನ ಕೈಲಿ ನಮ್ಮ ಉಂಡಿ ವೀಳ್ಯ ಇತ್ತಂತೆ. ಯಾರಾರ ಎತ್ರಪ್ಪಾ, ಆ ಜನ ಕಾಯ್ತಾ ಅವ್ರೆ ಅಂತ ಕಂಡೋರ್ನೆಲ್ಲಾ ಕೇಳುದ್ನಂತೆ. ಯಾರೂ ಎತ್ನಿಲ್ಲ. ಆ ಜಗ್ಲಿ ಕೆಳಗೇ ಎಂಟು ದಿನ ಕೂತು ಅಲ್ಲೇ ಜೀವ ಬುಟ್ಟ. ತಲೆ ಕಡೀಕೆ ಅವನ ಕೋಲ್ನೇ ನೆಟ್ಟವ್ರೆ. ಸಮಾಧಿ ಮ್ಯಾಲೆ... ಒಣಗ್ದ ವೀಳ್ಯದೆಲೆ ರಾಶಿ. ಅರಿಶಿನದ ದಾರ. ಒಂದೊಂದಕ್ಕೂ ಮೂರು ಗಂಟು. ಅಂಗೆ ಮೂರು ಗಂಟು ಆಕೋಳು ಈ ಲೋಕ್ದಲ್ಲಿ ಯಾರು? ನಾನು! ಚನ್ನಾಜಮ್ಮ ಅಂತಾಳೆ, 'ಪ್ರತಿ ಅಮಾಸೆ ಆದ್ಮ್ಯಾಲೆ ಇಲ್ಲಿರ್ತದೆ ಕಣಕ್ಕಾ, ಯಾರೋ ಪುಣ್ಯಾತ್ಗಿತ್ತಿ ನನ್ಗಂಡನ್ನ ನೆನೀತಾಳೆ ಅಂದ್ಕಂಡಿದ್ದೆ.' ಆ ಕೋಲು ವಸಿ ಎತ್ತಿ ನೋಡ್ದೆ. ಆ ಊರಿಗೂರೇ ಬಿಳೀ ಮರಳು ಕಣವ್ವಾ, ಒಂದು ಇಡಿ ಕೆಂಪು ಮಣ್ಣಿಲ್ಲ. ಕೋಲಿನ ಬುಡ ಮಾತ್ರ ಕೆಂಪಗಿತ್ತು... ನಮ್ಮ ಉಂಡಿ ಮಣ್ಣು. ಹಸಿ ಹಸೀದು."

ಮಧುಶ್ರೀಗೆ ಅಂಗೈ ಬಿಸಿಯಾದದ್ದು ಆಗ ಗೊತ್ತಾಯಿತು. ಹೆದರಿಕೆ ಆಗಬೇಕಿತ್ತು; ಆದರೆ ಅವಳಿಗೆ ಬಂದದ್ದು ಇನ್ನೊಂದು ಪ್ರಶ್ನೆ. "ಹಾಗಾದ್ರೆ ಅವನು ನಿಮಗೆ ಸುಳ್ಳು ಹೇಳ್ತಿದ್ನಾ ಅಜ್ಜಿ?"

"ಅದೇ ನೋಡು ಬೆರಗು! ಪಾಪ, ಅವನು ಒಂದು ಸುಳ್ಳೂ ಯೋಳ್ನಿಲ್ಲ. ಅಪ್ಪಣೆ ಇನ್ನೂ ಆಗಿಲ್ಲ ಅಂದ. ನಿಜ ತಾನೆ? ಆಗಿರ್ನಿಲ್ಲ. ಕೊಡೋನೇ ಇರ್ನಿಲ್ಲ.

"ವಾಪಸ್ ಬಂದು ಊರೋರ್ನೆಲ್ಲಾ ಬಸರಿಮರದ ಕೆಳಿಕೆ ಕರ್ದು ಯೋಳ್ದೆ. ಎಲ್ರೂ ಒಂದೇ ಸಲ ಎದ್ದು ನಿಂತ್ಬುಟ್ರು ಅಂದ್ಕಂಡ್ಯಾ? ದೇವಯ್ಯ ಅಂತ ಒಬ್ಬ ಇದ್ದ, ನಿಮ್ತಾತನ ಸೋದರಮಾವ. ಅವನು ಅಂತಾನೆ, 'ಸತ್ರೇನು? ಕೋಲು ಕೋಲೇ. ಇಷ್ಟು ದಿನ ಕಾದಿಲ್ವಾ? ಇನ್ನೊಂದು ವರ್ಸ ಕಾಯೋಣ.' ಅರ್ಧ ಊರು ಅವನ ಕಡೆ! ಸತ್ತೋನ ಮಾತು ಮೀರೋಕೆ ಬದುಕಿರೋನ ಮಾತು ಮೀರೋದಕ್ಕಿಂತ ಎಚ್ಗೆ ಧೈರ್ಯ ಬೇಕು ಕಣವ್ವಾ. ನಿನ್ನ ಪುಸ್ತಕ್ದಲ್ಲಿ ಅದು ಬರ್ದವ್ರಾ?

"ಅಮಾಸೆ ಬಂತು. ದೀಪ ಅಚ್ಚೋ ಒತ್ತು. ಟಕ್... ಟಕ್... ಟಕ್. ನಿಮ್ತಾತ ತಟ್ಟೆ ಇಡ್ಕಂಡು ನಿಂತವ್ರೆ, ಕಾಲು ಏಳ್ನಿಲ್ಲ. ನಾನು ತಟ್ಟೆ ಕಿತ್ಕಂಡು ಕಲ್ತಾವ ಓದೆ. ತಲೆ ಬಗ್ಗಿಸ್ನಿಲ್ಲ. ಅವನ ಮೊಕ ನೋಡ್ದೆ. ಭಯ ಪಡಂತದ್ದು ಏನೂ ಇರ್ನಿಲ್ಲ ಮಗಾ... ಬಾಳಾ ದೂರ ನಡ್ದು ಸುಸ್ತಾದೋನ ಮೊಕ. 'ಅಪ್ಪಣೆ ಇನ್ನೂ...' ಅಂತ ಬಾಯಿ ತೆಗ್ದ. ಅಷ್ಟ್ರಲ್ಲಿ ನಾನು ತಟ್ಟೇಲಿದ್ದ ವೀಳ್ಯ ಎತ್ತಿ, ದಾರ ಬಿಚ್ಚಿ, ಯಜಮಾನ ಒಬ್ನೇ ಎತ್ಬೇಕಾದ ವೀಳ್ಯನ ನನ್ನ ಬಾಯಿಗೆ ಆಕಂಡು ಅಗ್ದೆ. 'ಅಪ್ಪಣೆ ಆಯ್ತು ಓಗಪ್ಪಾ' ಅಂದೆ. ಅವನು ಕೇಳ್ದ, 'ಯಾರದು?' 'ನನ್ನ ಮಗ್ಳ ಮದ್ವೆಗೆ ನನ್ನದೇ. ಇನ್ನು ಮ್ಯಾಲೆ ಈ ಉಂಡೀದು ಈ ಉಂಡೀದೇ.' ಅವನು ಕೋಲ್ನ ಕಲ್ಲಿಗೆ ಒರಗಿಸ್ದ. ಆಮ್ಯಾಕೆ 'ನೀರು' ಅಂದ. ಚೊಂಬು ತಂದು ಅವನ ಬೊಗಸೆಗೆ ಉಯ್ದೆ. ಬೊಗಸೇಲಿ ನೀರು ನಿಲ್ನೇ ಇಲ್ಲ, ಕಲ್ಲೇ ಕುಡ್ಕತು. ತಲೆ ಎತ್ತಿ ನೋಡ್ತೀನಿ, ಯಾರೂ ಇಲ್ಲ. ಆ ಶ್ರಾವಣ್ದಲ್ಲಿ ಈ ಉಂಡೀಲಿ ಏಳು ಮದ್ವೆ ಆಯ್ತು. ಎಲೆಯಡಿಕೆ ಚಟ ನಂಗೆ ಅಂಟ್ಕಂಡಿದ್ದೂ ಆವತ್ನಿಂದ್ಲೇ."

ಕತೆ ಮುಗಿಯಿತೆಂದು ಮಧುಶ್ರೀ ಉಸಿರು ಬಿಟ್ಟಳು. ಆ ವೀಳ್ಯವನ್ನು ಅಜ್ಜಿ ಎತ್ತದೆ ಹೋಗಿದ್ದರೆ ತಾನೇ ಹುಟ್ಟುತ್ತಿರಲಿಲ್ಲ ಎಂದು ಅವಳಿಗೆ ಹೊಳೆಯಿತು. ಅಜ್ಜಿಯ ಮೇಲೆ ಹೆಮ್ಮೆ ಉಕ್ಕಿ ಬಂತು. ಆದರೆ ಅಜ್ಜಿ ಅವಳ ಕಡೆ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದಳು. ಆಗ ಮಧುಶ್ರೀಯ ತಲೆಯಲ್ಲಿ ಸಿಕ್ಕಿಕೊಂಡಿದ್ದ ಎರಡು ಪ್ರಶ್ನೆಗಳೂ ಒಟ್ಟಿಗೇ ಬಿಡಿಸಿಕೊಂಡವು. ಮಾದೇವಿ ಹೇಳಿದ ಕೋಲಿನ ತಾತ ಹುಚ್ಚಯ್ಯನಲ್ಲ.

"ಅಜ್ಜಿ... ಕಲ್ಲಿನ ಮೇಲೆ ನಾನು ಗುಡಿಸಿ ಎಸೆದ ವೀಳ್ಯ ಯಾರದು?"

ರಾಚಮ್ಮ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

"ಮಾದಯ್ಯಂದು. ನಿನ್ನ ಗೆಳತಿ ಮಾದೇವಿ ಅಪ್ಪಂದು. ಎಂಟು ವರ್ಸದ ಕೆಳಗೆ ನಮ್ಮ ಇಪ್ಪತ್ತು ಮನೆಯೋರು ತಾಂಡ್ಯದ ತಾವ ಸೈಟು ಸಿಕ್ತು ಅಂತ ಒಂಟ್ರಲ್ಲ, ಆವತ್ತು ಆ ಕಲ್ತಾವ ನಿಂತ್ಕಂಡು ನಾನೇ ಯೋಳ್ದೆ ಕಣವ್ವಾ, ಈ ಬಾಯಲ್ಲೇ... 'ಎಲ್ಲಿಗಾರ ಓಗಿ, ಮದ್ವೆ ಅಂದ್ರೆ ಮೊದ್ಲು ನಮ್ಗೆ ವೀಳ್ಯ ಬರ್ಲಿ' ಅಂತ. ಪ್ರೀತಿಗೆ ಅಂದೆ ಅಂದ್ಕಂಡಿದ್ದೆ. ಅವರೂ ತಂದುಕೊಡ್ತಿದ್ರು, ನಿಮ್ತಾತ ಎತ್ತೋರು. ಸಂಕ್ರಾಂತಿ ಆದ್ಮ್ಯಾಲೆ ಇವ್ರು ಬಿದ್ರು. ಎತ್ತೋರಿಲ್ಲ. ಎಲ್ಡು ಅಮಾಸೆಯಿಂದ... ಆ ಕೋಲುಕಾರ ಅವರ ವೀಳ್ಯ ಇಲ್ಲಿಗೆ ಒತ್ಕಂಡು ಬರೋಕೆ ಸುರುಮಾಡ್ಕಂಡ."

"ನೀವು ಎತ್ತಬಹುದಿತ್ತಲ್ಲ ಅಜ್ಜಿ! ನೀವೇ ಎತ್ತಿದೋರು!"

"ಎತ್ಬೋದಿತ್ತು." ರಾಚಮ್ಮನ ದನಿ ಸಣ್ಣದಾಯಿತು. "ಮೊದ್ಲ ಅಮಾಸೆ ಟಕ್ ಅಂದಾಗ್ಲೇ ನಂಗೆ ಗೊತ್ತಾಯ್ತು. ಎದ್ದು ಓಗ್ಬೇಕಾಗಿತ್ತು. ಓಗ್ನಿಲ್ಲ. ಇರ್ಲಿ, ವಸಿ ದಿನ ಕಾಯ್ಲಿ, ನಾವು ಯಾರು ಅಂತ ಅವರಿಗೂ ಗೊತ್ತಾಗ್ಲಿ ಅನ್ನುಸ್ತು. ಯಾರೋ ನಮ್ಮನ್ನ ಕೇಳ್ಕಂಡು ಕೂತವ್ರೆ ಅಂದ್ರೆ ಅದೊಂದು ರುಚಿ ಮಗಾ. ನಾಚ್ಕೆ ಆಯ್ತದೆ ನಂಗೆ... ಆದ್ರೂ ಅದು ರುಚೀನೇ. ಮೂರು ಮೈಲಿ ಇಲ್ಲ ಆ ಸೈಟಿಗೆ. ನಾನು ಓಗಿ ನೋಡ್ನಿಲ್ಲ. ಅವ್ರೂ ಒಬ್ರೂ ಬಂದು ನೋಡ್ನಿಲ್ಲ."

ಮಳೆಯ ಸದ್ದಿನ ನಡುವೆ, ಹೊರಗೆ, ಕಲ್ಲಿನ ಕಡೆಯಿಂದ ಸದ್ದಾಯಿತು.

ಟಕ್... ಟಕ್... ಟಕ್.

ಇಂದ್ರಾಣಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಂಚದ ಮೇಲೆ ಹುಚ್ಚಯ್ಯ ಕಣ್ಣು ಮುಚ್ಚಿಕೊಂಡ. ಮಧುಶ್ರೀ ಎದ್ದು ನಿಂತಳು. ಮಾದೇವಿಯ ಅಕ್ಕ ಯಾವ ಮೂಲೆಯಲ್ಲಿ, ಯಾವ ತಟ್ಟೆಯ ಮುಂದೆ ಕೂತಿದ್ದಾಳೋ ಎಂದುಕೊಂಡು, ಒಂದು ಕೈಯಲ್ಲಿ ಬುಡ್ಡಿ, ಇನ್ನೊಂದು ಕೈಯಲ್ಲಿ ನೀರಿನ ಚೊಂಬು ಹಿಡಿದು ಬಾಗಿಲಿಗೆ ನಡೆದಳು.

"ಓಗು ಮಗಾ, ನೀನಾರ ಎತ್ತು" ಎಂದಳು ಹಿಂದಿನಿಂದ ರಾಚಮ್ಮ. "ನೀರು ಉಯ್ಯಿ, ಓಯ್ತಾನೆ. ಆದ್ರೆ ಮುಂದಕ್ಕೆ ಎಲ್ಲಿಗೆ ಅಂತ ಮಾತ್ರ ಕೇಳ್ಬ್ಯಾಡ. ಆವತ್ತು ನೀರು ಉಯ್ತಾ ನಾನು ಕೇಳ್ಬುಟ್ಟೆ."

"ಏನಂದ?"

"'ಕೇಳೋರು ಎಲ್ಲವ್ರೋ, ಎತ್ತೋರು ಎಲ್ಲಿಲ್ವೋ, ಅಲ್ಲಿಗೆ' ಅಂದ. ನಿನ್ನ ಪುಸ್ತಕದ ಆ ಕಡಲಾಚೆ ಊರಿಗೂ ಓಗಿದ್ನೋ ಏನೋ... ಕೋಲು ಬಸ್ಸು ಅತ್ತಂಗಿಲ್ಲ ಅಂದವ್ರೆ, ಹಡಗು ಅತ್ತಂಗಿಲ್ಲ ಅಂತ ಯಾರೂ ಅಂದಿಲ್ಲ."

ಮಧುಶ್ರೀ ಬುಡ್ಡಿಯನ್ನು ನೆಲಕ್ಕಿಟ್ಟು ಚಿಲಕ ತೆಗೆದಳು.